ಗುಡ್ಡದ ಹೊಗೆಗೆ ಎನ್95 ಮಾಸ್ಕಾ, ಏರ್ ಪ್ಯೂರಿಫೈಯರಾ?

ಬೇಸಿಗೆ ಶುರುವಾದರೆ ತುಮಕೂರಿನ ಸುತ್ತ ಗುಡ್ಡದ ಹುಲ್ಲು ಒಣಗಿ ನಿಂತಿರುತ್ತದೆ. ದೇವರಾಯನದುರ್ಗದ ಕಡೆ ಬೆಂಕಿ ಬಿದ್ದು ಗಾಳಿ ಈ ಕಡೆ ತಿರುಗಿದರೆ ಹೊಗೆ ಮನೆಯೊಳಗೇ. ದುಡ್ಡು ಮೊದಲು ಯಾವುದಕ್ಕೆ ಹಾಕಬೇಕು?

ಹೊರಗೆ ಓಡಾಡುವವರಿಗೆ ಮಾಸ್ಕ್. ಒದ್ದೆ ಟವೆಲ್ ಬೂದಿ ತಡೆಯಬಹುದು. ಆದರೆ ಜಾಸ್ತಿ ಕಾಟ ಕೊಡುವುದು 2.5 ಮೈಕ್ರಾನ್‌ಗಿಂತ ಸಣ್ಣ ಕಣಗಳು, ಶ್ವಾಸಕೋಶದ ತಳಕ್ಕೇ ಇಳಿಯುವಂಥವು. ಎನ್95 ಅಂಥವನ್ನು ಕನಿಷ್ಠ ಶೇ. 95ರಷ್ಟು ಹಿಡಿಯುತ್ತದೆ, ಮುಖಕ್ಕೆ ಬಿಗಿಯಾಗಿ ಕೂತರೆ ಮಾತ್ರ. ಮೂಗಿನ ಮೇಲಿನ ತಂತಿ ಒತ್ತಿ ಜೋರಾಗಿ ಉಸಿರು ಬಿಡಿ. ಕನ್ನಡಕ ಮಂಜಾದರೆ ಗಾಳಿ ಸೋರುತ್ತಿದೆ ಅಂತಲೇ. ಗಡ್ಡ ಇದ್ದರೂ ಅದೇ ಕಥೆ.

ಪುಟ್ಟ ಮಕ್ಕಳ ಮುಖಕ್ಕೆ ಅದು ಕೂರಲ್ಲ. ಉಬ್ಬಸದ ಅಜ್ಜಿಗೆ ಹೊತ್ತುಗಟ್ಟಲೆ ಹಾಕಿಕೊಂಡಿರೋದು ಕಷ್ಟ. ಅವರಿಗೆ ರೂಮಿನ ಗಾಳಿ ಸೋಸುವ ಪ್ಯೂರಿಫೈಯರ್ ಸರಿ. ಸಣ್ಣ ಕಣಗಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರಲಿ, ಶ್ವಾಸಕೋಶಕ್ಕೇ ಕಾಟ ಕೊಡುವ ಓಜೋನ್ ಅನಿಲ ಬಿಡುವ ಮೆಷಿನ್ ಬೇಡ. ಒಂದು ರೂಮಿನಲ್ಲಿಟ್ಟು, ಕಿಟಕಿ ಮುಚ್ಚಿ, ಎಲ್ಲರೂ ಅಲ್ಲೇ ಮಲಗಿ. ಪಕ್ಕದಲ್ಲೇ ಸೊಳ್ಳೆ ಬತ್ತಿ, ಸಾಂಬ್ರಾಣಿ ಹಚ್ಚಿದರೆ ಸುಮ್ನೆ ದಂಡ ಅಲ್ವಾ? ಕರೆಂಟ್ ಹೋದರೆ ಪ್ಯೂರಿಫೈಯರೂ ನಿಂತಿತು.

ನನ್ನನ್ನು ಕೇಳಿದರೆ ಮಾಸ್ಕ್ ಮೊದಲು ತನ್ನಿ. ಮನೆಯಲ್ಲಿ ಕೂಸೋ ಉಬ್ಬಸದವರೋ ಇದ್ದರೆ ಪ್ಯೂರಿಫೈಯರ್ ಕೂಡ ಮುಂದೂಡಬೇಡಿ.