ಗ್ರೀಸ್‌ಗೆ ದೊರೆತ ತುರ್ತು ಸಾಲ: ಸೇವೆಯೊಂದರ ವಿಮರ್ಶೆ

ದಿವಾಳಿಯ ಅಂಚಿನಲ್ಲಿರುವ ದೇಶಗಳಿಗೆ ಅಂತರರಾಷ್ಟ್ರೀಯ ಹಣಕಾಸು ನಿಧಿಯೂ ಐರೋಪ್ಯ ಸಂಸ್ಥೆಗಳೂ ಒದಗಿಸುವ ತುರ್ತು ಸಾಲವನ್ನು ಒಂದು ಸೇವೆಯೆಂದೇ ಪರಿಗಣಿಸಿ, ಪಡೆದವರ ಬದುಕಿನಿಂದ ಅದನ್ನು ಅಳೆಯುವುದು ನ್ಯಾಯವೆಂದು ನನ್ನ ಭಾವನೆ. 2010ರ ಮೇ ತಿಂಗಳಲ್ಲಿ ಗ್ರೀಸ್‌ಗೆ ಒಪ್ಪಿಕೊಂಡ 11,000 ಕೋಟಿ ಯೂರೊ ಸಾಲ ಆ ಅಳತೆಯಲ್ಲಿ ಸೋಲುತ್ತದೆ. ದೇಶ ಯೂರೊ ವಲಯದಲ್ಲಿ ಉಳಿಯಿತು, ನಿಜ. ಆದರೆ ಪಿಂಚಣಿ ಮತ್ತು ಸಂಬಳದ ಕಡಿತ, ತೆರಿಗೆ ಏರಿಕೆಯ ಷರತ್ತುಗಳ ನಡುವೆ ಆರ್ಥಿಕತೆ ಸುಮಾರು ಕಾಲು ಭಾಗ ಕುಗ್ಗಿತು. 2013ರಲ್ಲಿ ನಿರುದ್ಯೋಗ ಶೇ 27ನ್ನು ದಾಟಿತು. ಅದೇ ವರ್ಷ ನಿಧಿಯ ಸ್ವಂತ ಮೌಲ್ಯಮಾಪನವೇ ಗಮನಾರ್ಹ ವೈಫಲ್ಯಗಳನ್ನು ಒಪ್ಪಿಕೊಂಡಿತು.

ಈ ಸೇವೆಯ ಅತಿ ದೊಡ್ಡ ದೋಷವೆಂದರೆ, ಪಡೆಯುವವರ ಅಹವಾಲಿಗೆ ಅದರಲ್ಲಿ ಬೆಲೆಯಿಲ್ಲದಿರುವುದು. ಮಿತವ್ಯಯದ ಷರತ್ತುಗಳನ್ನು ಕೊನೆಗಾಣಿಸುವ ಭರವಸೆಯಿಂದ 2015ರ ಜನವರಿಯಲ್ಲಿ ಅಲೆಕ್ಸಿಸ್ ಸಿಪ್ರಾಸ್ ಅವರ ಸಿರಿಜಾ ಪಕ್ಷ ಗೆದ್ದಿತು. ಬ್ಯಾಂಕುಗಳು ಮುಚ್ಚಿ, ಎಟಿಎಂಗಳಲ್ಲಿ ದಿನಕ್ಕೆ 60 ಯೂರೊ ಮಾತ್ರ ಸಿಗುತ್ತಿದ್ದಾಗಲೂ, ಜುಲೈ 5ರ ಜನಮತಗಣನೆಯಲ್ಲಿ ಶೇ 61ಕ್ಕೂ ಹೆಚ್ಚು ಮತದಾರರು ಸಾಲ ಕೊಟ್ಟವರ ಪ್ರಸ್ತಾವವನ್ನು ತಿರಸ್ಕರಿಸಿದರು; ಅಂಥ ಧೈರ್ಯವನ್ನು ನಾನು ಮನಸಾರೆ ಗೌರವಿಸುತ್ತೇನೆ. ಎಂಟೇ ದಿನಗಳಲ್ಲಿ ಸರ್ಕಾರ ಕಠಿಣ ಷರತ್ತುಗಳಿಗೆ ಮಣಿದು ಮೂರನೆಯ ಸಾಲದ ಒಪ್ಪಂದಕ್ಕೆ ಸಮ್ಮತಿಸಿತು, ಬಳಿಕ ಸಿರಿಜಾ ಒಡೆಯಿತು. 2018ರ ಆಗಸ್ಟ್‌ನಲ್ಲಿ ಕಾರ್ಯಕ್ರಮ ಮುಗಿದ ಮೇಲೂ, ಬಡ್ಡಿ ಪಾವತಿಯನ್ನು ಹೊರತುಪಡಿಸಿ ಜಿಡಿಪಿಯ ಶೇ 3.5ರಷ್ಟು ಬಜೆಟ್ ಮಿಗತೆಯನ್ನು 2022ರವರೆಗೆ ಕಾಯ್ದುಕೊಳ್ಳಬೇಕೆಂಬ ಕಟ್ಟುಪಾಡು ಉಳಿದೇ ಇತ್ತು.