ಉದ್ದ ಟುಟು, ಗಂಟೆ ಟುಟು, ತಟ್ಟೆ ಟುಟು: ಮೂರನ್ನೂ ಹೊಲಿದು, ಹಾಕಿಕೊಂಡು, ಕುಣಿದು ನೋಡಿದೆ

ಟುಟು ಅಂದರೆ ಬ್ಯಾಲೆ ಕುಣಿಯುವವರ ಪದರ ಪದರದ ಲಂಗ. ಬ್ಯಾಲೆ ಅಂದರೆ ಸೊಂಟದಿಂದ ನೆಟ್ಟಗೆ ಹೊರಗೆ ಚಾಚಿಕೊಂಡ ತಟ್ಟೆಯಂಥ ಬಿಳಿ ಲಂಗ, ಅಲ್ವಾ? ಹಂಸವಾದ ರಾಜಕುಮಾರಿಯ ಕಥೆಯ ಬ್ಯಾಲೆ 'ಸ್ವಾನ್ ಲೇಕ್' ಅಂದರಂತೂ ಅದೇ. ನಾನೂ ಹಾಗೇ ಅಂದುಕೊಂಡಿದ್ದೆ. ಆಮೇಲೆ 1895ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ಮರಿಯಿನ್ಸ್ಕಿ ಥಿಯೇಟರಿನಲ್ಲಿ ಆ ಹಂಸವಾಗಿ ಕುಣಿದ ಇಟಲಿಯ ಪಿಯೆರೀನಾ ಲೆನ್ಯಾನಿಯ ಹಳೇ ಫೋಟೊ ನೋಡಿದೆ. ತಟ್ಟೆಯ ಸುಳಿವೇ ಇಲ್ಲ. ಮೊಣಕಾಲಿನ ಹತ್ತಿರದವರೆಗೆ ಇಳಿದ, ಉಬ್ಬಿದ ಗಂಟೆಯಂಥ ಲಂಗ. ತಟ್ಟೆ ಬಂದದ್ದು 20ನೇ ಶತಮಾನದಲ್ಲಿ.

ಮೂವತ್ತು ದಾಟಿದ ಮೇಲೆ ಬ್ಯಾಲೆ ಕಲಿಯಲು ಹೋದವಳು ನಾನು. ಕುಣಿತ ಸುಮಾರು, ಹೊಲಿಗೆ ಪರವಾಗಿಲ್ಲ. ಹಾಗಾಗಿ ಉದ್ದ, ಗಂಟೆ, ತಟ್ಟೆ ಮೂರೂ ಬಗೆಯ ಟುಟು ಹೊಲಿದು, ಕ್ಲಾಸಿನಲ್ಲಿ ಹಾಕಿಕೊಂಡು ನೋಡೋಣ ಅನ್ನಿಸಿತು.

ಮೊದಲು ಉದ್ದದ್ದು. ಇದು 1832ರಲ್ಲಿ ಪ್ಯಾರಿಸ್ ಆಪೆರಾದಲ್ಲಿ ಮರೀ ತಾಲ್ಯೋನಿ 'ಲಾ ಸಿಲ್ಫೀಡ್' ಕುಣಿದಾಗ ಹೆಸರು ಮಾಡಿದ ಲಂಗ. ಮೀನಖಂಡದ ನಡುವಿನವರೆಗೆ ಇಳಿಯುತ್ತದೆ. ಚಿಕ್ಕಪೇಟೆಯಿಂದ ಮೆತ್ತನೆ ನೆಟ್ ತಂದು ಐದು ಪದರ ನೆರಿಗೆ ಹಿಡಿದೆ. ನೆಗೆದಾಗ ಇದರ ಚಂದವೇ ಬೇರೆ. ನಾನು ನೆಲ ಮುಟ್ಟಿದ ಮೇಲೂ ಲಂಗ ಇನ್ನೂ ಗಾಳಿಯಲ್ಲೇ ಇರುತ್ತದೆ, ನಿಧಾನಕ್ಕೆ ಇಳಿಯುತ್ತದೆ. ನನ್ನಂಥವಳ ನಾಲ್ಕಿಂಚಿನ ನೆಗೆತವೂ ಒಂದು ಅಡಿಯಂತೆ ಕಾಣುತ್ತದೆ. ಸರಿಯಾಗಿ ಮಡಿಸದ ಮೊಣಕಾಲೂ ಒಳಗೇ ಮುಚ್ಚಿಹೋಗುತ್ತದೆ! ಆದರೆ ತಿರುಗಲು ಹೋದರೆ ಕಷ್ಟ. ಎರಡು ಸುತ್ತು ಸುತ್ತಿ ನಿಂತರೆ ಲಂಗ ಮಾತ್ರ ನಿಲ್ಲದೆ ಕಾಲಿಗೆ ಸುತ್ತಿಕೊಳ್ಳುತ್ತದೆ.

ಈ ಲಂಗಕ್ಕೆ ಒಂದು ಕರಾಳ ಕಥೆಯೂ ಇದೆ. ಆಗ ರಂಗಕ್ಕೆ ಗ್ಯಾಸ್ ದೀಪ. ತೆಳು ಬಟ್ಟೆಯ ಪದರ ಪದರ, ನಡುವೆ ಗಾಳಿ. ಬೆಂಕಿಗೆ ಇನ್ನೇನು ಬೇಕು? 1862ರ ನವೆಂಬರಿನಲ್ಲಿ ಪ್ಯಾರಿಸ್ ಆಪೆರಾದ ತಾಲೀಮಿನ ವೇಳೆ ಎಮ್ಮಾ ಲಿವ್ರಿಯ ಲಂಗಕ್ಕೆ ದೀಪದ ಬೆಂಕಿ ತಗುಲಿತು. ತಾಲ್ಯೋನಿಯ ಶಿಷ್ಯೆ, ವಯಸ್ಸು 20. ಎಂಟು ತಿಂಗಳು ನರಳಿ ತೀರಿಕೊಂಡಳು. ಬಟ್ಟೆಗೆ ಬೆಂಕಿ ಬೇಗ ಹತ್ತದಂತೆ ಉಪ್ಪುಗಳ ನೀರಿನಲ್ಲಿ ಅದ್ದುವ ವಿಧಾನ ಅಷ್ಟರಲ್ಲಿ ಬಂದಿತ್ತು. ಹಾಗೆ ಅದ್ದಿದ ಬಟ್ಟೆ ಬಿರುಸಾಗುತ್ತದೆ, ಮಂಕಾಗುತ್ತದೆ ಎಂದು ಆಕೆ ಒಪ್ಪಿರಲಿಲ್ಲ. ನಾನು ಒಂದು ತುಂಡು ಮಲ್‌ಮಲ್ ಬಟ್ಟೆಯನ್ನು ಪಟಕದ ನೀರಿನಲ್ಲಿ ಅದ್ದಿ ಒಣಗಿಸಿ ನೋಡಿದೆ. ಹಪ್ಪಳದಂತೆ ಆಯಿತು, ಬಿಳುಪೂ ಹೋಯಿತು. ಲಿವ್ರಿಯದು ಸುಮ್ನೆ ಹಟ ಅಂತ ಅಂದುಕೊಂಡಿದ್ದೆ. ಆ ತುಂಡು ಕೈಯಲ್ಲಿ ಹಿಡಿದ ಮೇಲೆ ಹಾಗೆನ್ನಲು ಬಾಯಿ ಬರಲಿಲ್ಲ.

ಎರಡನೆಯದು ಗಂಟೆ ಟುಟು. 19ನೇ ಶತಮಾನದ ಕೊನೆಯ ಹೊತ್ತಿಗೆ ಅಸಲಿಗೆ ಹಾಕುತ್ತಿದ್ದದ್ದು ಇದನ್ನೇ. ಆಗ ಇದಕ್ಕೆ ಬಳಸುತ್ತಿದ್ದದ್ದು ಟಾರ್ಲಟನ್, ಅಂದರೆ ಗಂಜಿ ಹಾಕಿ ಬಿರುಸು ಮಾಡಿದ, ಬಿಡಿ ನೇಯ್ಗೆಯ ಹತ್ತಿ ಬಟ್ಟೆ. ನನಗೆ ಸಿಗಲಿಲ್ಲ. ಅಂಗಡಿಯವರು "ಕ್ಯಾನ್‌ಕ್ಯಾನ್ ನೆಟ್ ತಗೊಳ್ಳಿ ಮೇಡಂ, ಗಟ್ಟಿ ನಿಲ್ಲುತ್ತೆ" ಅಂದರು. ಅದು ನೈಲಾನ್, ಮೋಸ ಆಗುತ್ತಿತ್ತು. ಕೊನೆಗೆ ತೆಳು ಮಲ್‌ಮಲ್‌ಗೆ, ಅಮ್ಮ ಕಾಟನ್ ಸೀರೆಗೆ ಹಾಕುವ ಹಾಗೆ, ಅಕ್ಕಿ ಗಂಜಿಯನ್ನೇ ದಪ್ಪಗೆ ಹಾಕಿದೆ. ಎಂಟು ಪದರ, ಮೊಣಕಾಲಿಗಿಂತ ಸ್ವಲ್ಪ ಮೇಲಕ್ಕೆ.

ಮೊದಲ 20 ನಿಮಿಷ ಸ್ವರ್ಗ. ಲಂಗ ಕಾಲಿಗೆ ಸಿಕ್ಕುವುದಿಲ್ಲ, ನೆಗೆದರೆ ಸ್ವಲ್ಪ ಹಾರುತ್ತದೆ, ತಿರುಗಿದರೆ ಗುಂಡಗೆ ಅರಳಿ ಮತ್ತೆ ತನ್ನ ಜಾಗಕ್ಕೆ ಬರುತ್ತದೆ. ಲಂಗ ಯಾಕೆ ಗಿಡ್ಡವಾಯಿತು ಎಂಬುದು ಆಗ ಮೈಗೇ ತಿಳಿಯಿತು. ಇಟಲಿಯ ಕುಣಿತಗಾತಿಯರು ಗಟ್ಟಿ ತುದಿಯ ಶೂ ಹಾಕಿ, ಹೆಬ್ಬೆರಳ ಮೇಲೆ ಸುತ್ತುವ ಕಸುಬನ್ನು ರಷ್ಯಾಕ್ಕೆ ತಂದರು. 1885ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ಗೆ ಬಂದ ವರ್ಜೀನಿಯಾ ಜುಕ್ಕಿ ಅಲ್ಲಿನ ಉದ್ದ ಲಂಗ ಬೇಡ, ಗಿಡ್ಡದೇ ಬೇಕು ಅಂತ ಪಟ್ಟು ಹಿಡಿದಳು. ಲೆನ್ಯಾನಿ 1893ರಲ್ಲಿ 'ಸಿಂಡರೆಲ್ಲಾ'ದಲ್ಲಿ ಒಂದೇ ಕಾಲ ಮೇಲೆ ನಿಂತು, ಇನ್ನೊಂದು ಕಾಲನ್ನು ಚಾಟಿಯಂತೆ ಬೀಸುತ್ತ 32 ಸುತ್ತು ಸುತ್ತಿದಳು. ಆ ಬೀಸುವ ಕಾಲೇ ಕಾಣದಿದ್ದರೆ ಏನು ಬಂತು? ನನ್ನ ದಾಖಲೆ ಮೂರು ಸುತ್ತು. ಉದ್ದ ಲಂಗದಲ್ಲಿ ಅದೂ ಆಗಿರಲಿಲ್ಲ.

20 ನಿಮಿಷ ಕಳೆಯಿತು, ಬೆವರು ಶುರುವಾಯಿತು. ಸೊಂಟದ ಹತ್ತಿರ ಗಂಜಿ ಕರಗಿ ಅಂಟಂಟು. ಗಂಟೆ ಮೆಲ್ಲಗೆ ಬಾಡಿ ಒದ್ದೆ ಟವೆಲ್ಲಿನಂತೆ ಜೋತುಬಿತ್ತು. ಫ್ರಾನ್ಸಿನ ಕಲಾವಿದ ದೆಗಾ ಬಿಡಿಸಿದ ಚಿತ್ರಗಳಲ್ಲಿ ತಾಲೀಮಿನ ಹುಡುಗಿಯರ ಲಂಗ ಎಷ್ಟು ಹಗುರ ಕಾಣುತ್ತದೆ! ಅಂದಹಾಗೆ, 1881ರಲ್ಲಿ ಆತ ಪ್ರದರ್ಶನಕ್ಕಿಟ್ಟ 14 ವರ್ಷದ ಕುಣಿತಗಾತಿಯ ಮೇಣದ ಪ್ರತಿಮೆಗೆ ನಿಜವಾದ ಬಟ್ಟೆಯ ಲಂಗವನ್ನೇ ತೊಡಿಸಿದ್ದ. ಈಗ ಬೇರೆ ಬೇರೆ ಮ್ಯೂಸಿಯಮ್ಮುಗಳಲ್ಲಿರುವ ಅದರ ಕಂಚಿನ ಪ್ರತಿಗಳಲ್ಲಿ ಲಂಗ ಒಂದೊಂದು ಕಡೆ ಒಂದೊಂದು ಉದ್ದ. ನನ್ನ ಅಳತೆಗೆ ಅದನ್ನೇ ನಂಬಲು ಹೋಗಿ ಒಂದು ಭಾನುವಾರ ಹಾಳಾಯಿತು.

ತಟ್ಟೆ ಟುಟು ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹನ್ನೊಂದು ಪದರ ನೈಲಾನ್ ನೆಟ್, ನಡುವೆ ಒಂದು ತಂತಿಯ ಬಳೆ, ಪದರಗಳನ್ನು ಹಿಡಿದಿಡಲು ಸಡಿಲ ಟಾಕಾ. ಕಾಲು ಪೂರ್ತಿ ಬಿಡುವು, ಬೆವರಿಗೂ ಜಗ್ಗುವುದಿಲ್ಲ. ಆದರೆ ಇದು ಲಂಗವೇ ಅಲ್ಲ, ಸೊಂಟಕ್ಕೆ ಕಟ್ಟಿದ ಛತ್ರಿ. ನಾನು ಒಂದು ಕಡೆ ಹೋದರೆ ಅದು ಅರ್ಧ ಕ್ಷಣ ತಡವಾಗಿ ಅಲುಗಾಡುತ್ತದೆ. ಜೊತೆಗೆ ಕುಣಿಯುವವರು ಒಂದು ಮೊಳ ದೂರ ನಿಲ್ಲಬೇಕು. ಕೂರುವ ಹಾಗಿಲ್ಲ, ಮಡಿಸುವ ಹಾಗಿಲ್ಲ. ಆಟೋದಲ್ಲಿ ತಲೆಕೆಳಗಾಗಿ ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಸಿಗ್ನಲ್ಲಿನಲ್ಲಿ ಡ್ರೈವರ್ ಹಿಂದೆ ತಿರುಗಿ "ಕೇಕಾ ಮೇಡಂ?" ಅಂದ.

ವೇದಿಕೆಗೆ ಒಂದನ್ನೇ ಆರಿಸು ಅಂದರೆ ನನ್ನದು ಗಂಟೆ ಟುಟು. ನೋಡುವವರಿಗೆ ಕಾಲೂ ಕಾಣುತ್ತದೆ, ಬಟ್ಟೆಯೂ ಜೊತೆಗೆ ಕುಣಿಯುತ್ತದೆ. ಗಂಜಿ ಬಿಟ್ಟು ಒಳಗಿನ ನಾಲ್ಕು ಪದರಕ್ಕೆ ಮಾತ್ರ ಆ ಕ್ಯಾನ್‌ಕ್ಯಾನ್ ನೆಟ್ ಹಾಕೋಣ ಅಂತಿದ್ದೇನೆ, ಅಂಗಡಿಯವರ ಮಾತು ಗೆದ್ದಿತು. ಉದ್ದದ್ದನ್ನು ಮಳೆಗಾಲದ ಕ್ಲಾಸಿಗೆ ಇಟ್ಟುಕೊಂಡಿದ್ದೇನೆ, ಬೆಚ್ಚಗಿರುತ್ತದೆ. ತಟ್ಟೆ ಬೀರುವಿನೊಳಗೆ ಹೋಗಲಿಲ್ಲ. ಬೀರುವಿನ ಮೇಲೆ ತಲೆಕೆಳಗಾಗಿ ಕೂತಿದೆ.