ನಡುರಾತ್ರಿ ಕೂಗುವ ಸೈಕ್ಲರ್: ಎರಡು ವರ್ಷ ಬಳಸಿದ ಮೇಲೆ

ಮೊದಲು ದೂರು: ಡ್ರೈನ್ ಅಲಾರಂ. ಕಿಡ್ನಿ ಕೆಟ್ಟವರ ಹೊಟ್ಟೆಗೆ ದ್ರಾವಣ ತುಂಬಿಸಿ, ಇಳಿಸಿ ರಕ್ತದ ಕಲ್ಮಶ ತೆಗೆಯುವ ಪೆರಿಟೋನಿಯಲ್ ಡಯಾಲಿಸಿಸ್ಸನ್ನು, ಅದನ್ನು ತಾನೇ ನಡೆಸುವ ಸೈಕ್ಲರ್ ಯಂತ್ರಕ್ಕೆ ಒಪ್ಪಿಸಿ ರಾತ್ರಿ 8-9 ತಾಸು ಮಲಗಬಹುದು, ನಿಜ. ಆದರೆ ಹೊಟ್ಟೆಯಿಂದ ದ್ರಾವಣ ಇಳಿಯುವುದು ಕೊಂಚ ನಿಧಾನವಾದರೂ ಅದು ಮನೆಮಂದಿಯನ್ನೆಲ್ಲ ಎಬ್ಬಿಸುತ್ತದೆ.

ಯಂತ್ರಕ್ಕೆ ಬೈಯುವ ಮುಂಚೆ ಪೈಪು ನೋಡಿ. ಮೈಕೆಳಗೆ ಸಿಕ್ಕಿ ಮಡಚಿರಬಹುದು, ಕ್ಲಾಂಪು ಮುಚ್ಚಿರಬಹುದು. ಒಳಗೆ ಬಿಳಿ ನೂಲಿನಂಥ ಫೈಬ್ರಿನ್ (ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನಿನ ಎಳೆ) ಕಂಡರೆ ಡಯಾಲಿಸಿಸ್ ನರ್ಸಿಗೆ ತಿಳಿಸಿ. ಅದು ಕಟ್ಟದಂತೆ ತಡೆಯುವ ಹೆಪಾರಿನ್ ಬೇಕೋ ಬೇಡವೋ ಅವರೇ ಹೇಳುತ್ತಾರೆ. ಇದ್ಯಾವುದೂ ಅಲ್ಲವೆಂದರೆ ಮಗ್ಗಲು ಬದಲಿಸಿ, ಇಲ್ಲವೇ ಎದ್ದು ಕೂತು ನೋಡಿ. ಆಗಲೂ ಇಳಿಯದಿದ್ದರೆ ಕಳ್ಳ ಬಹಳ ಸಲ ಮಲಬದ್ಧತೆಯೇ. ತುಂಬಿದ ಕರುಳು, ಹೊಟ್ಟೆಯೊಳಗಿಟ್ಟ ನಳಿಕೆಯಾದ ಕ್ಯಾಥೆಟರಿನ ತೂತುಗಳನ್ನು ಒತ್ತುತ್ತದೆ, ಕೆಲವೊಮ್ಮೆ ಅದರ ತುದಿಯನ್ನೇ ಜಾಗ ತಪ್ಪಿಸುತ್ತದೆ. ಇಷ್ಟು ಜಾಣ ಯಂತ್ರದ ರಂಪಕ್ಕೆ ಡಾಕ್ಟರು ಬರೆದುಕೊಟ್ಟ ಲ್ಯಾಕ್ಟುಲೋಸ್ ಸಿರಪ್ಪು ಮದ್ದು! ಡ್ರೈನಿನ ಕೊನೆಗೆ ಒಳಗೆ ಎಳೆದಂತೆ ನೋವಾದರೆ ಟೈಡಲ್ ಮೋಡ್ ಬಗ್ಗೆ ಕೇಳಿ. ಅದರಲ್ಲಿ ಸ್ವಲ್ಪ ದ್ರಾವಣ ಹೊಟ್ಟೆಯಲ್ಲೇ ಉಳಿಯುತ್ತದೆ.

ಇಷ್ಟು ತಿಳಿದ ಮೇಲೆ ಸಿಟ್ಟು ಅರ್ಧ ಇಳಿಯಿತು. ಸಂಜೆಯ ಸಿದ್ಧತೆಯೇ ಈಗ ಹಿತ. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಮಾಸ್ಕ್ ಕಟ್ಟಿ, ಕೈ ಉಜ್ಜಿ ತೊಳೆದು ಪೂರ್ತಿ ಒರೆಸಿಕೊಳ್ಳಬೇಕು. ಚೀಲದ ಮೇಲೆ ಗ್ಲೂಕೋಸಿನ ಪ್ರಮಾಣ, ಮುಗಿಯುವ ದಿನಾಂಕ ಓದಿ, ಒಮ್ಮೆ ಗಟ್ಟಿಯಾಗಿ ಅದುಮಿ ಸೋರಿಕೆ ನೋಡಬೇಕು. ಜೋಡಿಸುವಾಗ ಪೈಪಿನ ತುದಿಗೆ ಬೆರಳು ತಗುಲಿತೋ, ಸೋಂಕಿಗೆ ಬಾಗಿಲು ತೆರೆದಂತೆ. ಬೆಳಿಗ್ಗೆ ಹೊರಬಂದ ದ್ರಾವಣದ ಚೀಲವನ್ನು ಅಚ್ಚಾದ ಹಾಳೆಯ ಮೇಲಿಡಿ. ಅಕ್ಷರ ಓದಲು ಬಂದರೆ ಸರಿ. ಕಲಗಚ್ಚಿನ ಹಾಗಿದ್ದರೆ ಪೆರಿಟೋನೈಟಿಸ್, ಅಂದರೆ ಹೊಟ್ಟೆಯೊಳಪದರದ ಸೋಂಕು, ಇರಬಹುದು. ನಾಳೆ ಅನ್ನದೆ ಆ ಚೀಲದ ಸಮೇತ ಆಸ್ಪತ್ರೆಗೆ ಹೋಗಿ.

ಹಗಲಿಗೆ ಗ್ಲೂಕೋಸ್ ದ್ರಾವಣದ ಬದಲು ಐಕೋಡೆಕ್ಸ್‌ಟ್ರಿನ್ ತುಂಬಿಸುವ ಮಧುಮೇಹಿಗಳು ಗ್ಲೂಕೋಮೀಟರಿನ ಪಟ್ಟಿ ಇದಕ್ಕೆ ಹೊಂದುತ್ತದೆಯೇ ಎಂದು ಕೇಳಿಕೊಳ್ಳಲೇಬೇಕು. ಕೆಲವು ಪಟ್ಟಿಗಳು ಇಲ್ಲದ ಸಕ್ಕರೆ ತೋರಿಸುತ್ತವೆ. ಅದನ್ನು ನಂಬಿ ಇನ್ಸುಲಿನ್ ಏರಿಸಿದರೆ ಜೀವಕ್ಕೇ ಅಪಾಯ.

ವಾರಕ್ಕೆ 3 ದಿನ, ತಲಾ 4 ತಾಸು ಯಂತ್ರದಲ್ಲಿ ರಕ್ತವನ್ನೇ ಶುದ್ಧಿಮಾಡುವ ಹೀಮೋಡಯಾಲಿಸಿಸ್ ಕೆಲವರಿಗೆ ಇದಕ್ಕಿಂತ ಒಳ್ಳೆಯದೇ. ಹೊಟ್ಟೆಯೊಳಗೆ ಹಳೆ ಆಪರೇಷನ್ನಿನ ಅಂಟುಗಳಿದ್ದರೆ, ಮನೆಯಲ್ಲಿ ಶುಚಿಯಾದ ಮೂಲೆ ಸಿಗದಿದ್ದರೆ ಅದೇ ವಾಸಿ. ಹಗಲೆಲ್ಲ ಬಿಡುವಾಗಿರಬೇಕು ಎನ್ನುವವರಿಗೆ ಸೈಕ್ಲರ್. ಕರೆಂಟು ಹೋದರೆ ಮಾತ್ರ ಅದು ಬಹಳ ಹೊತ್ತು ಆಡದು. ಅದಕ್ಕೇ ಯಂತ್ರವಿಲ್ಲದೆ ಕೈಯಲ್ಲೇ ತುಂಬಿಸುವ 2 ಲೀಟರಿನ ನಾಲ್ಕು ಚೀಲ ಕಪಾಟಿನಲ್ಲಿ ಸದಾ ಇರುತ್ತವೆ.